ದೇವಕಣಗಿಲೆಯ ಯಜಮಾನರು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವರಿಗೆ ಬೇಸರವಾಗುತ್ತಿತ್ತು ಎಂದೇನಲ್ಲ. ಅಚ್ಚಿನಲ್ಲಿ ಹೆಸರು ಬಂದಿದ್ದರೆ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸುವ ಆಸಾಮಿ ಅವರು. ಆದರೆ ನಾನು ಹೇಳಹೊರಟಿರುವುದರಲ್ಲಿ ಅವರದೊಂದು ಗುಟ್ಟಿದೆ. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಹೋದ ತಿಂಗಳು ಅವರು ತೀರಿಕೊಂಡರು. ಅಂದಿನಿಂದ ಆ ಗುಟ್ಟು ನನ್ನ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಹೆಸರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿಬಿಡುತ್ತೇನೆ, ನನಗಾದರೂ ಹಗುರಾಗಲಿ.

ನಾನು ಹೊಳಲ್ಕೆರೆಯವಳು. ಬಬ್ಬೂರಿನ ಶಾಲೆಗೆ ಟೀಚರಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಪಕ್ಕದ ಮನೆ. ಊರಿಗೆ ಹೊಂದಿಕೊಂಡಂತೆ ವ್ಯವಸಾಯದ ಸಂಶೋಧನಾ ಕೇಂದ್ರವಿದೆ. ಊರವರ ಬಾಯಲ್ಲಿ ಅದು ಬರೀ 'ಫಾರಂ'. ಅಲ್ಲಿಯ ಸಸಿ ಮಡಿಯಲ್ಲಿ ಅವರು ಮಾಲಿ. ಕಡ್ಡಿಯಂಥ ಆಳು, ಮೊಣಕಾಲಿನವರೆಗಿನ ಖಾಕಿ ಚಡ್ಡಿ, ಹೆಗಲ ಮೇಲೆ ಬೇಸಿಗೆಯಲ್ಲೂ ಒಂದು ಕರಿಕಂಬಳಿ. ಸೊಂಟದಲ್ಲಿ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ. ಫಾರಂನವರು ಗಿಡಕ್ಕೆಂದು ಬೇರೆ ಕತ್ತರಿ ಕೊಟ್ಟಿದ್ದರಂತೆ. 'ಅದು ಸಾಹೇಬ್ರು ಬಂದಾಗ ಹಿಡಕಳ್ಳಾಕೆ' ಎನ್ನುತ್ತಿದ್ದರು. ಯಲ್ಲದಕೆರೆಯ ಕುರಿ ಸಾಕುವ ಮನೆತನದವರು. ಸಂಜೆ ಮನೆಗೆ ಹೊರಡುವ ಮುಂಚೆ ಸಸಿಗಳನ್ನೂ ಕುರಿ ಎಣಿಸುವ ಹಾಗೆ ಎರಡೆರಡು ಬೆರಳು ಚಾಚಿ ಎಣಿಸಿ, ಒಂದು ಕಡಿಮೆ ಬಂದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ನಾನು ಅವರನ್ನು 'ಯಜಮಾನರೇ' ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಹಿರಿಯರನ್ನು ಕರೆಯುವುದು ಹಾಗೆಯೇ.

ನಾನು ಬಂದ ವಾರಕ್ಕೆ ಅವರೊಂದು ಕಡ್ಡಿ ತಂದರು. ಮೊಣಕೈ ಉದ್ದದ, ಹೆಬ್ಬೆರಳಿಗಿಂತ ದಪ್ಪನೆಯ ಬೂದು ಬಣ್ಣದ ತುಂಡು. ಎಲೆಯಿಲ್ಲ, ಬೇರಿಲ್ಲ. ಒಲೆಗೆ ಹಾಕಲು ತಂದುಕೊಟ್ಟರೇನೋ ಅಂದುಕೊಂಡೆ.

'ದೇವಗಣಗ್ಲೆ ಟೀಚ್ರಮ್ಮ. ಬಿಳೇ ಹೂವು, ನಡುವೆ ಅರಿಶಿಣ. ಕುಂಡದಾಗೆ ನೆಟ್ಟು ಕೊಡ್ತೀನಿ. ಎಲೆ ಬರಾಗಂಟ ನೀರು ಮಾತ್ರ ಹಾಕ್‌ಬ್ಯಾಡ್ರಿ.'

ನೀರು ಹಾಕಬೇಡಿ! ಇದೆಂಥ ಮಾತು ಸ್ವಾಮಿ? ನಮ್ಮ ಬರದ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಹೇಳುವ ಮಾತೇ ಇದು? ಮನೆಗೆ ಬಂದವರ ಕೈಗೆ ಮೊದಲು ನೀರಿನ ಚೊಂಬು ಕೊಡುವವರು ನಾವು. ಯಾರ ಮೇಲಾದರೂ ಪ್ರೀತಿ ಬಂದರೆ ಅವರಿಗೊಂದು ಕೊಡ ನೀರು ಹೆಚ್ಚಿಗೆ ಬಿಡುತ್ತೇವೆ. ಆ ಬೋಳು ಕಡ್ಡಿಯನ್ನು ನೋಡಿದಾಗೆಲ್ಲ ನನ್ನ ಕರುಳು ಚುರ್ರೆನ್ನುತ್ತಿತ್ತು. ಅಕ್ಕಿ ತೊಳೆದ ನೀರು ಹಾಕಿದೆ. ಬೇಳೆ ತೊಳೆದ ನೀರು ಹಾಕಿದೆ. ಶಾಲೆಯಿಂದ ಬಂದ ಕೂಡಲೇ ನಾನು ಕುಡಿಯುವ ಮುಂಚೆ ಅದಕ್ಕೊಂದು ಲೋಟ. ಮೂರು ವಾರಕ್ಕೆ ಅವರು ಬಂದು ಕಡ್ಡಿಯನ್ನು ಎರಡು ಬೆರಳಲ್ಲಿ ಒತ್ತಿದರು. ಕೊಳೆತ ಬಾಳೆಹಣ್ಣಿನ ಹಾಗೆ ಪಿಚಕ್ಕೆಂದಿತು.

'ಮುಳುಗಿಸಿ ಸಾಯಿಸಿಬಿಟ್ರಲ್ರೀ!'

'ಒಂಚೂರು ಹಾಕಿದ್ದೆ ಅಷ್ಟೇ ಯಜಮಾನರೇ...'

'ಸುಳ್ಳು ಹೇಳ್‌ಬ್ಯಾಡ್ರಿ, ಮಕ್ಕಳಿಗೆ ಪಾಠ ಹೇಳೋರು. ಇಲ್ ನೋಡ್ರಿ, ಅಕ್ಕಿ ಕಾಳು ಐತೆ.'

ಆಮೇಲೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ತಿಳಿಹೇಳಿದರು. ಕಡ್ಡಿ ಮುರಿದಾಗ ಹಾಲು ಸುರಿಯುತ್ತದೆ. ಅದು ಗಾಯ. ನೆರಳಿನಲ್ಲಿ ಎಂಟು ಹತ್ತು ದಿನ ಸುಮ್ಮನೆ ಮಲಗಿಸಿ ಗಾಯ ಒಣಗಿಸಬೇಕು. ಮರಳು, ಕೆಂಪು ಮಣ್ಣು, ಒಡೆದ ಮಡಕೆಯ ಚೂರು ಹಾಕಿ ನೆಡಬೇಕು. ಅಲ್ಲಾಡಿಸಬಾರದು, ಬೇರು ಬಂತೇ ಎಂದು ಕಿತ್ತು ನೋಡಬಾರದು. 'ಉಣ್ಣೆ ಕತ್ತರಿಸುವಾಗ ಕುರಿ ಚರ್ಮಕ್ಕೆ ಕತ್ರಿ ತಗಲ್ತು ಅಂತಿಟ್ಕಳ್ರಿ. ಅದನ್ನ ಹೊಂಡಕ್ಕೆ ಇಳಿಸ್ತೀವಾ? ಗಾಯ ಮಾಯಾಗಂಟ ನೀರಿಂದ ದೂರ ಇಡ್ತೀವಿ. ಇದೂ ಹಂಗೇಯ. ಅದರ ಮೈಯಾಗೆ ನೀರೈತೆ. ನಮ್ಮ ನೀರು ಅದಕ್ಕೆ ಬ್ಯಾಡ, ನಮ್ಮ ತಾಳ್ಮೆ ಬೇಕು.'

ಈ ತಪ್ಪನ್ನು ಮಾಡಿದವಳು ನಾನೊಬ್ಬಳೇ ಅಲ್ಲ. ಇಡೀ ಬಬ್ಬೂರು ಮಾಡುತ್ತಿತ್ತು. ಅವರು ಕೊಟ್ಟ ಕಡ್ಡಿಗಳನ್ನೆಲ್ಲ ಊರವರು ಪ್ರೀತಿಯಿಂದ ಕೊಳೆಸಿದರು. ಕೊನೆಗೆ ಅವರೊಂದು ಉಪಾಯ ಹುಡುಕಿದರು. ದೇವಕಣಗಿಲೆಯ ಕಡ್ಡಿ ಕೊಡುವಾಗ ಜೊತೆಗೆ ಒಂದು ಹಿಡಿ ಪುದೀನ ಬೇರು ಕೊಡತೊಡಗಿದರು. 'ನೀರು ಹಾಕ್ಬೇಕು ಅಂತ ಕೈ ತುರಿಸಿದಾಗೆಲ್ಲ ಇದಕ್ಕೆ ಸುರೀರಿ. ಇದು ಎಷ್ಟಾದ್ರೂ ಕುಡೀತದೆ.' ಉಪಾಯ ಫಲಿಸಿತು. ಎರಡು ವರ್ಷದಲ್ಲಿ ಊರ ತುಂಬ ದೇವಕಣಗಿಲೆ ಎದ್ದವು. ಪುದೀನ ಎಷ್ಟಾಯಿತೆಂದರೆ, ಯಾರ ಮನೆಗೆ ಹೋದರೂ ಅದೇ ಚಟ್ನಿ. ಹೆಡ್‌ಮಾಸ್ಟರು ಡಬ್ಬಿ ತೆಗೆದು ವಾಸನೆ ನೋಡಿ ಮತ್ತೆ ಮುಚ್ಚಿಡುತ್ತಿದ್ದರು.

ದೇವಕಣಗಿಲೆಯೆಂದರೆ ಗುಡಿಯಲ್ಲಿರಬೇಕು, ಇಲ್ಲ ಸುಡುಗಾಡಿನಲ್ಲಿರಬೇಕು, ಸಂಸಾರಸ್ಥರ ಮನೆಯ ಮುಂದಲ್ಲ ಎಂದು ತಕರಾರು ತೆಗೆದವರೂ ಇದ್ದರು. ಅಂಥವರಿಗೆ ಅವರದು ಒಂದೇ ಉತ್ತರ: 'ಸತ್ತೋರ ಮೂಗಿಗೆ ಒಳ್ಳೇ ವಾಸ್ನೆ ಬೇಕು, ಬದುಕಿರೋರಿಗೆ ಬ್ಯಾಡವಾ? ಯಾವ ನ್ಯಾಯ ಇದು!'

ಒಮ್ಮೆ ನಾನು ಟ್ರೈನಿಂಗಿಗೆಂದು ಚಿತ್ರದುರ್ಗಕ್ಕೆ ಹೊರಟಿದ್ದ ಬಸ್ಸಿಗೆ ಅವರೂ ಹತ್ತಿದರು. ಕೈಯಲ್ಲಿ ಒಂದಾಳುದ್ದದ ದೇವಕಣಗಿಲೆ. ಬೇರಿಗೆ ಹಳೆಯ ಕಂಬಳಿ ಸುತ್ತಿತ್ತು. ದುರ್ಗದಲ್ಲಿ ಯಾರದೋ ಬಂಗಲೆಗಂತೆ. ಕಂಡಕ್ಟರು, 'ಏನ್ ಯಜಮಾನ, ಸೌದೆನಾ? ಟಾಪಿಗೆ ಹಾಕು' ಎಂದ.

'ಸೌದೆ ಅನ್‌ಬ್ಯಾಡಪ್ಪ, ಜೀವ ಐತೆ. ಬೇಕಾದ್ರೆ ಟಿಕೆಟ್ ಹರಿ.'

ಕಂಡಕ್ಟರು ತಮಾಷೆಗೆ ಒಂದು ಅರ್ಧ ಟಿಕೆಟ್ ಹರಿದೇಬಿಟ್ಟ. ಇವರು ಗಂಭೀರವಾಗಿ ಅದನ್ನು ಇಸಿದುಕೊಂಡು ಗಿಡವನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿದರು. ಐಮಂಗಲದಲ್ಲಿ ಹತ್ತಿದ ದಪ್ಪನೆಯ ಒಬ್ಬರು, 'ಅದನ್ನ ತೆಗೀರಿ, ಕೂತ್ಕೋಬೇಕು' ಎಂದರು. 'ಟಿಕೆಟ್ ತಗಂಡೈತೆ ರೀ, ಎಬ್ಬಿಸಂಗಿಲ್ಲ' ಎಂದು ಅರ್ಧ ಟಿಕೆಟ್ ತೋರಿಸಿದರು. ಆ ದಪ್ಪನೆಯವರು ಬೇಡ ಬೇಡವೆಂದರೂ ಯಜಮಾನರು ತಮ್ಮ ಸೀಟು ಬಿಟ್ಟುಕೊಟ್ಟು, ದುರ್ಗದವರೆಗೂ ತಾವು ನಿಂತುಕೊಂಡು ಗಿಡವನ್ನು ಕೂರಿಸಿಕೊಂಡೇ ಬಂದರು. ನಕ್ಕು ನಕ್ಕು ನನಗೆ ಪಕ್ಕೆ ನೋವು ಬಂತು.

ಇಂಥ ಮನುಷ್ಯನಿಗೆ ಒಂದು ಕೊರಗಿತ್ತು. ಹೆಂಡತಿ ಜೊತೆಯಲ್ಲಿರಲಿಲ್ಲ. ಜಗಳವೇನಲ್ಲ. ಆಕೆ ಯಲ್ಲದಕೆರೆಯಲ್ಲಿ ಕುರಿ ನೋಡಿಕೊಂಡಿದ್ದರು, ಇವರು ಬಬ್ಬೂರಿನಲ್ಲಿ ಗಿಡ ನೋಡಿಕೊಂಡಿದ್ದರು. ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಗ್ಗೆ ಬರುವುದು. ನೌಕರಿ ಸೇರಿದಂದಿನಿಂದ ನಡೆದುಬಂದ ಸಂಸಾರ ಅದು.

ಅವರು ಗಿಡದ ಕಸುಬಿಗೆ ಬಿದ್ದದ್ದೇ ಆಕೆಯ ದೆಸೆಯಿಂದ. ಮದುವೆಯಾದ ಹೊಸದರಲ್ಲಿ ಆಕೆ ಹಟ್ಟಿಯ ಮುಂದೆ ಮಲ್ಲಿಗೆ ಬಳ್ಳಿ ಹಾಕಿದರಂತೆ, ಕುರಿ ತಿಂದವು. ದಾಸವಾಳ ಹಾಕಿದರೆ ಅದನ್ನೂ ತಿಂದವು. ಕನಕಾಂಬರವನ್ನಂತೂ ಬುಡಸಮೇತ. ಮುಡಿಯಲು ಹೂವಿಲ್ಲವೆಂದು ಹೊಸ ಮದುವಣಗಿತ್ತಿ ಅತ್ತುಬಿಟ್ಟರು. ಇವರು ಗುಡ್ಡದ ಗುಡಿಯ ಹತ್ತಿರದಿಂದ ಒಂದು ದೇವಕಣಗಿಲೆಯ ಕೊಂಬೆ ಮುರಿದು ತಂದು ನೆಟ್ಟರು. ಕುರಿಗಳು ಬಂದು ಮೂಸಿ, ಆ ಹಾಲಿನ ಗಿಡಕ್ಕೆ ಮೂತಿ ತಿರುವಿ ಹೋದವು. 'ಅವತ್ತು ಅವಳು ನಕ್ಕಿದ್ದು ನೋಡ್ಬೇಕಿತ್ತು ಟೀಚ್ರಮ್ಮ. ಅವತ್ತೇ ಅಂದ್ಕಂಡೆ, ಇದೇ ನನ್ ಕಸುಬು ಅಂತ' ಎಂದು ಹೇಳುವಾಗ ಆ ಒಣ ಮುಖ ಕೆಂಪಾಗುತ್ತಿತ್ತು.

ರಿಟೈರಾಗುವ ಹೊತ್ತಿಗೆ ಬಬ್ಬೂರಿನಲ್ಲೇ, ನಮ್ಮ ಪಕ್ಕದಲ್ಲೇ, ಒಂದು ಪುಟ್ಟ ಸ್ವಂತ ಮನೆ ಕಟ್ಟಿಕೊಂಡಿದ್ದರು. ಯಲ್ಲದಕೆರೆಯ ಕುರಿಗಳನ್ನು ಮಗ ನೋಡಿಕೊಳ್ಳುತ್ತಿದ್ದ. ಇನ್ನಾದರೂ ಬಾ ಎಂದು ಇವರು ಕರೆದರು. ಆಕೆ ಬರಲೊಪ್ಪಲಿಲ್ಲ.

'ನೀವೇ ಊರಿಗೆ ಹೋಗಿ ಇರಬಹುದಲ್ಲ ಯಜಮಾನರೇ?' ಎಂದು ನಾನು ಕೇಳಿದೆ.

'ಅಲ್ಲಿ ನಾನು ವಾರದ ನೆಂಟ ಟೀಚ್ರಮ್ಮ. ಅದಲ್ಲ ಮಾತು. ಅಲ್ಲಿದ್ರೆ ಅವಳು ಕುಂದ್ರಲ್ಲ. ಕಸ ಹೊಡೀತಾಳೆ, ಮರಿ ಹಿಡೀತಾಳೆ, ಮೊಮ್ಮಕ್ಕಳ ಹಿಂದೆ ಓಡ್ತಾಳೆ. ನಲ್ವತ್ತು ವರ್ಷ ನಿಂತೇ ಅವಳೆ. ಇಲ್ಲಿಗೆ ಕರ್ಕಂಡು ಬಂದು ಕುಂದ್ರಿಸ್ಬೇಕು ನಾನು. ಅವಳು ಕುಂತಿದ್ದು ನಾನು ಕಣ್ತುಂಬ ನೋಡಿಲ್ಲ.'

'ಬರಲ್ಲ ಅನ್ನೋಕೆ ಏನು ಕಾರಣ ಹೇಳ್ತಾರೆ?' ಎಂದೆ.

'ಗಿಡ ಬಿಟ್ಟು ಬರಲ್ಲ ಅಂತಾಳೆ. ನಾನು ನೆಟ್ಟ ಗಿಡ! ನಂಗೇ ಸವತಿ ಆಗಿ ಕುಂತೈತೆ ನೋಡ್ರಿ.'

ಹಾಗಾದರೆ ಗಿಡವನ್ನೇ ತರುತ್ತೇನೆಂದು ಅವರು ಪಂಥಕ್ಕೆ ಬಿದ್ದರು. ಕಡ್ಡಿಯಲ್ಲ, ಗಿಡವಲ್ಲ, ಒಬ್ಬರ ತೆಕ್ಕೆ ತುಂಬುವ ಬುಡದ, ನಲವತ್ತು ವರ್ಷದ ಮರ. ಫಾರಂನವರು, ಊರವರು ಎಲ್ಲ ಬೇಡವೆಂದರು. ಮರ ಸತ್ತರೆ ಆಕೆ ಜನ್ಮದಲ್ಲಿ ಇತ್ತ ಕಾಲಿಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಶಿವರಾತ್ರಿಗೆ ಮುಂಚೆ, ಮರ ಎಲೆಯೆಲ್ಲ ಉದುರಿಸಿ ಬೋಳಾಗಿ ನಿದ್ದೆ ಮಾಡುವ ಹೊತ್ತು ನೋಡಿ ಕೆಲಸ ಹಿಡಿದರು. ಮೊದಲು ಪೂರ್ವಕ್ಕಿದ್ದ ಮಗ್ಗುಲಿಗೆ ಸುಣ್ಣದ ಬೊಟ್ಟಿಟ್ಟರು; ಹೊಸ ಜಾಗದಲ್ಲೂ ಅದೇ ಮಗ್ಗುಲು ಪೂರ್ವಕ್ಕೆ ಬರಬೇಕು, ಇಲ್ಲದಿದ್ದರೆ ನೆರಳಿನಲ್ಲಿದ್ದ ಚರ್ಮ ಬಿಸಿಲಿಗೆ ಬೆಂದುಹೋಗುತ್ತದಂತೆ. ಸುತ್ತ ಅಗೆದು, ಬೇರು ಕಡಿದು, ಕಡಿದ ಕಡೆಗೆಲ್ಲ ಒಲೆಯ ಬೂದಿ ಒತ್ತಿದರು. ಬುಡಕ್ಕೆ ಕಂಬಳಿ ಸುತ್ತಿ ಒಂದು ವಾರ ನೆರಳಿನಲ್ಲಿ ಒರಗಿಸಿಟ್ಟರು. ಈ ಸುದ್ದಿಯನ್ನೆಲ್ಲ ಸೋಮವಾರ ಸೋಮವಾರ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು.

ಮರ ಬರುವ ದಿನ ಅರ್ಧ ಬಬ್ಬೂರು ಅವರ ಮನೆಯ ಮುಂದೆ ಸೇರಿತ್ತು. ಇವರು ಬೆಳಗಿನಿಂದಲೇ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ದಾರಿ ನೋಡುತ್ತಿದ್ದರು. ಟ್ರ್ಯಾಕ್ಟರ್ ತಿರುವಿನಲ್ಲಿ ಕಾಣಿಸಿತು. ಟ್ರೇಲರಿನಲ್ಲಿ ಮರ ಮಲಗಿತ್ತು. ಮರದ ಪಕ್ಕದಲ್ಲಿ, ಕಾಂಡವನ್ನು ಎರಡು ಕೈಯಲ್ಲೂ ಬಳಸಿ ಹಿಡಿದು, ಸೆರಗನ್ನು ತಲೆಗೆ ಬಿಗಿದುಕೊಂಡು ಒಬ್ಬ ಹೆಂಗಸು ಕೂತಿದ್ದರು.

ನಮ್ಮ ಯಜಮಾನರು ಎದ್ದು ನಿಂತವರು ಮತ್ತೆ ಕೂತುಬಿಟ್ಟರು.

ಆಕೆ ಇಳಿದು ಸೀರೆ ಕೊಡವಿಕೊಂಡರು. 'ಈ ಡ್ರೈವರು ಗಾಡಿ ಓಡಿಸೋದು ನೋಡಿದ್ರೆ ಗಿಡ ಉಳೀತಿರಲಿಲ್ಲ. ಅದಕ್ಕೇ ಹಿಡ್ಕಂಡು ಬಂದೆ' ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, 'ಇರಾಕೆ ಬಂದಿಲ್ಲ ಮತ್ತೆ. ಗಿಡ ಹೂ ಬಿಡೋದು ಕಣ್ಣಾಗೆ ನೋಡ್ತೀನಿ, ಹೊರಡ್ತೀನಿ. ಇದು ನನ್ ಮಾತು' ಎಂದರು. ಮಾತಿಗೆ ತಪ್ಪುವ ಹೆಂಗಸಲ್ಲ ಎಂದು ದನಿಯಲ್ಲೇ ತಿಳಿಯುತ್ತಿತ್ತು.

ಮರ ನೆಟ್ಟಾಯಿತು. ಮೂರು ಕಡೆ ಗಳ ಆನಿಸಿ, ಕಾಂಡಕ್ಕೆ ಸುಣ್ಣ ಬಳಿದಾಯಿತು. ನೋಡಲು ಬಂದವರೆಲ್ಲ ತಂಬಿಗೆ ನೀರು ತಂದರು. ಇವರು ಉಣ್ಣೆ ಕತ್ತರಿ ಹಿಡಿದು ಬುಡದಲ್ಲೇ ಕಾವಲು ಕೂತರು. 'ಆ ನೀರು ನೀವೇ ಕುಡೀರಿ, ಬಿಸಿಲಾಗೆ ಬಂದೀರಿ' ಎಂದು ಕಳಿಸುತ್ತಿದ್ದರು. ಎರಡು ತಿಂಗಳಿಗೆ ಕೊಂಬೆಯ ತುದಿಯಲ್ಲಿ ಹಸಿರು ಕೊಕ್ಕು ಮೂಡಿತು. ಆ ದಿನ ಅವರು ನಮ್ಮ ಮನೆಯ ಬಾಗಿಲು ಬಡಿದು, 'ಬದುಕ್ತು ಟೀಚ್ರಮ್ಮ!' ಎಂದು ಕೂಗಿದ್ದು ಮೂರು ಮನೆಗೆ ಕೇಳಿಸಿತು. ಆ ವರ್ಷ ಬರೀ ಎಲೆ ಬಂತು. ಕಿತ್ತು ತಂದ ಮರ ಮೊದಲ ವರ್ಷ ಹೂ ಬಿಡದಿದ್ದರೆ ಅದರಲ್ಲಿ ಹೆಚ್ಚೇನಿಲ್ಲ. ಆಕೆ ಕಾದರು.

ಹೀಗೆ ಆಕೆ ಬಬ್ಬೂರಿನಲ್ಲಿ ಉಳಿದರು. ಮಧ್ಯಾಹ್ನ ಅಡಿಗೆ ಮುಗಿಸಿ ಮರದ ಪಕ್ಕದ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಯಜಮಾನರು ಎದುರಿಗೆ ಯಾವುದೋ ಗಿಡ ಕೆದಕುವ ನೆಪದಲ್ಲಿ ಕೂತಿರುತ್ತಿದ್ದರು. ನೋಡುತ್ತಿದ್ದದ್ದು ಮಾತ್ರ ಗಿಡವನ್ನಲ್ಲ.

ಮರುವರ್ಷ ಯುಗಾದಿ ಕಳೆದು ಕೆಲವು ದಿನಕ್ಕೆ, ನಾನು ಬೆಳಕು ಹರಿಯುವ ಹೊತ್ತಿಗೆ ಹಾಲಿಗೆಂದು ಹೊರಟಿದ್ದೆ. ಅವರ ಅಂಗಳದಲ್ಲಿ ಮರದ ಕೆಳಗೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಯಜಮಾನರು. ಕೊಂಬೆಯ ತುದಿಯಲ್ಲಿ ಮೂಡಿದ್ದ ಮೊಗ್ಗಿನ ಗೊಂಚಲನ್ನು ಚಿವುಟಿ ಚಿವುಟಿ ಚಡ್ಡಿಯ ಜೇಬಿಗೆ ತುಂಬುತ್ತಿದ್ದರು!

'ಅಯ್ಯೋ! ಏನ್ ಮಾಡ್ತಿದೀರಿ ಯಜಮಾನರೇ!'

'ಶ್! ಮೆತ್ತಗೆ! ಒಳಗೆ ಮಲಗವಳೆ.'

ಇಳಿದು ಬಂದು ಬೇಲಿಯ ಹತ್ತಿರ ನಿಂತರು. ಕದ್ದು ಸಿಕ್ಕಿಬಿದ್ದ ಮಗುವಿನ ಮುಖ.

'ಹೂ ನೋಡಿದ್ರೆ ಹೊರಡ್ತಾಳೆ ಟೀಚ್ರಮ್ಮ. ಹೋದ ವರ್ಷ ಗಿಡ ಬದುಕ್ಲಿ ಅಂತ ದೇವರಿಗೆ ಕೈ ಮುಗಿದೆ. ಈಗ ನೋಡಿದ್ರೆ ಹೂ ಬಿಡದೆ ಇರ್ಲಿ ಅಂತ ಮುಗೀತಾ ಇದೀನಿ. ನಗ್ತೀರಾ, ನಗ್ರಿ.'

ನಗು ಬರಲಿಲ್ಲ. ಜೀವಮಾನವಿಡೀ ಒಣ ಕಡ್ಡಿಯಲ್ಲಿ ಹೂ ಬರಿಸಿದ ಆ ಕೈ ಮೊಗ್ಗು ಚಿವುಟುತ್ತಿತ್ತು. 'ಬಾಯಿಬಿಟ್ಟು ಹೇಳಬಾರದೇ, ಇದ್ದುಬಿಡು ಅಂತ?' ಎಂದೆ.

'ಹೇಳಿದ್ರೆ ಯೋಚ್ನೆ ಮಾಡ್ತಾಳೆ. ಯೋಚ್ನೆ ಮಾಡಿದ್ರೆ ಕುರಿ ನೆನಪಾಗ್ತವೆ. ಬ್ಯಾಡ ತಗಳ್ರಿ. ನೀವು ಮಾತ್ರ ಬಾಯಿ ಬಿಡ್‌ಬ್ಯಾಡ್ರಿ, ನನ್ ಮೇಲಾಣೆ.'

ನಾನು ಆಣೆ ಮಾಡಿದೆ. ಅಷ್ಟೇ ಅಲ್ಲ, ಕಳ್ಳತನದಲ್ಲಿ ಪಾಲುದಾರಳೂ ಆದೆ. ಒಂದು ಸಲ ಮೇಲಿನ ಕೊಂಬೆಯಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಹೂ ಅರಳಿಯೇಬಿಟ್ಟಿತ್ತು. ಬೇಲಿಯಾಚೆಯಿಂದ ಅವರು ಕಣ್ಣಲ್ಲೇ ಗೋಗರೆದರು. ನಾನು ಓಡಿಹೋಗಿ, 'ಅವ್ವಾ, ರೊಟ್ಟಿ ತಟ್ಟೋದು ಕಲಿಸಿಕೊಡಿ, ನನ್ನವು ಹರಿದುಹೋಗ್ತವೆ' ಎಂದು ಆಕೆಯನ್ನು ಅಡಿಗೆಮನೆಗೆ ಎಳೆದುಕೊಂಡು ಹೋದೆ. ಹುಟ್ಟಿದಾಗಿನಿಂದ ರೊಟ್ಟಿ ತಟ್ಟಿದವಳು ನಾನು. ಬೇಕೆಂದೇ ಆರು ರೊಟ್ಟಿ ಹರಿದೆ. ಹೊರಗೆ ಸ್ಟೂಲು ಕಿರುಗುಟ್ಟಿದ್ದು ಕೇಳಿಸಿದಾಗ ಜೋರಾಗಿ ಕೆಮ್ಮಿದೆ.

ಇದಕ್ಕೆ ಅವರು ತೆತ್ತದ್ದು ಕಡಿಮೆಯಲ್ಲ. ಊರೆಲ್ಲ ಅವರು ಕೊಟ್ಟ ಗಿಡಗಳು ಬೇಸಿಗೆಯಲ್ಲಿ ಗಮ್ಮೆನ್ನುತ್ತಿದ್ದವು. ಅವರ ಅಂಗಳದ್ದು ಮಾತ್ರ ಕವಲಿನ ಮೇಲೆ ಕವಲೊಡೆದು, ಎಲೆ ತುಂಬಿಕೊಂಡು ಸುಮ್ಮನೆ ನಿಂತಿರುತ್ತಿತ್ತು. ಜನ ಆಡಿಕೊಂಡರು. 'ಊರಿಗೆಲ್ಲ ಹೂ ಬಿಡಿಸಿದ ಮಾಲಿ, ಮನೇಲಿ ಬರೀ ಸೊಪ್ಪು ಬೆಳೀತಾನೆ' ಎಂದರು. ಫಾರಂಗೆ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಆಫೀಸರೊಬ್ಬರು ಬಂದು ದೇವಕಣಗಿಲೆಗೆ ಯಾವ ಗೊಬ್ಬರ ಹಾಕಬೇಕು, ಎಷ್ಟು ಬಿಸಿಲು ಬೇಕು ಎಂದು ಪಾಠ ಹೇಳಿದರು. ಯಾರಾದರೂ ಗಿಡದ ವಿಷಯದಲ್ಲಿ ಒಂದು ಮಾತು ತಪ್ಪಿ ಆಡಿದರೆ ಮೈಮೇಲೆ ಬರುತ್ತಿದ್ದ ಮನುಷ್ಯ, ಆ ಪಾಠವನ್ನೆಲ್ಲ ಕೈ ಕಟ್ಟಿಕೊಂಡು ಕೇಳಿ, 'ಹಂಗೇ ಮಾಡ್ತೀನಿ ಸಾ' ಎಂದರು. ಕಸುಬುದಾರನಿಗೆ ಕಸುಬಿನ ಹೆಸರಿಗಿಂತ ದೊಡ್ಡದು ಏನಿದೆ? ಅದನ್ನೇ ಅವರು ಬಿಟ್ಟುಕೊಟ್ಟರು. ಆಕೆಯೂ ಬಿಡುತ್ತಿರಲಿಲ್ಲ. 'ನಿಮ್ ಕೈಗುಣ ಇಷ್ಟೇ ನೋಡ್ರಿ. ಯಲ್ಲದಕೆರೆ ಮಣ್ಣಾಗೆ ಹೆಂಗೆ ಬಿಡ್ತಿತ್ತು!' ಎಂದು ನಮ್ಮೆಲ್ಲರ ಮುಂದೆ ಚುಚ್ಚುತ್ತಿದ್ದರು. 'ಬೇರು ಕಡಿದಿದ್ದಕ್ಕೆ ಮುನಿಸ್ಕಂಡೈತೆ. ಮುಂದಿನ ವರ್ಷ ನೋಡಾಣ' ಎಂದು ಇವರು ತಲೆ ತಗ್ಗಿಸುತ್ತಿದ್ದರು.

ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಏಳು ವರ್ಷವಾಯಿತು. ಅಷ್ಟರಲ್ಲಿ ನನಗೆ ಹೊಸದುರ್ಗಕ್ಕೆ ವರ್ಗವಾಗಿತ್ತು. ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಆಕೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಇವರು ಎದುರಿಗೆ. ಹೋದ ತಿಂಗಳು ಒಂದು ಮಧ್ಯಾಹ್ನ ಯಜಮಾನರು ಊಟ ಮಾಡಿ, ಅಲ್ಲೇ ಮರದ ನೆರಳಿನಲ್ಲಿ ಕಂಬಳಿ ಹಾಸಿಕೊಂಡು ಮಲಗಿದವರು ಏಳಲಿಲ್ಲವಂತೆ.

ಸುದ್ದಿ ನನಗೆ ತಡವಾಗಿ ತಿಳಿಯಿತು. ನಾನು ಹೋಗುವಷ್ಟರಲ್ಲಿ ಹನ್ನೊಂದನೆಯ ದಿನದ ಕಾರ್ಯ ಮುಗಿದು ಎರಡು ದಿನವಾಗಿತ್ತು. ಮನೆಯ ಮುಂದೆ ಲಗೇಜ್ ಆಟೋ ನಿಂತಿತ್ತು. ಮಗ ತಾಯಿಯನ್ನು ಊರಿಗೆ ಕರೆದೊಯ್ಯಲೆಂದು ಪಾತ್ರೆ, ಹಾಸಿಗೆ ಎಲ್ಲ ಏರಿಸುತ್ತಿದ್ದ. ಒಳ್ಳೆಯ ಮಗ, ತಾಯಿಯ ಮೇಲೆ ಜೀವವಿಟ್ಟುಕೊಂಡವನು. ನಾನು ತಲೆಯೆತ್ತಿ ನೋಡಿದೆ. ಹದಿಮೂರು ದಿನದಿಂದ ಚಿವುಟುವವರಿಲ್ಲದೆ ಮರ ಅರಳಿಬಿಟ್ಟಿತ್ತು. ನಾಲ್ಕೈದು ಗೊಂಚಲು, ಬೆಳ್ಳಗೆ, ನಡುವೆ ಅರಿಶಿಣ. ಅಂಗಳವೆಲ್ಲ ಘಮ್ಮೆನ್ನುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಮಗನೂ ಅದನ್ನೇ ತೋರಿಸಿದ. 'ಅವ್ವ, ನೋಡು, ಹೂ ಬಿಟ್ಟೈತೆ. ಹೂ ನೋಡ್ಕಂಡು ಬರ್ತೀನಿ ಅಂತ ನೀನೇ ಅಂದಿದ್ದೆ. ಇನ್ನು ಇಲ್ಲಿ ಒಬ್ಬಳೇ ಯಾಕೆ? ನಡಿ, ಹೋಗಾಣ.'

ಆಕೆ ಕಟ್ಟೆಯ ಮೇಲೆ ಕೂತೇ ಒಮ್ಮೆ ತಲೆಯೆತ್ತಿ ಹೂವನ್ನು ನೋಡಿದರು. 'ಲೇ, ಅಂಗಡಿಗೆ ಹೋಗಿ ಎಲೆ ಅಡಿಕೆ ತಗಂಬಾ. ಬಾಯಿ ಸಪ್ಪಗಾಗೈತೆ' ಎಂದರು.

ಅವನು ತಿರುವು ದಾಟಿದನೋ ಇಲ್ಲವೋ, ಆಕೆ ಒಳಗೆ ಹೋಗಿ ಸ್ಟೂಲು ತಂದರು. 'ಹಿಡ್ಕಳ್ರಿ ಟೀಚ್ರಮ್ಮ, ಅಲ್ಲಾಡ್ತದೆ' ಎಂದು ಹತ್ತಿ ನಿಂತು ಗೊಂಚಲುಗಳನ್ನು ಒಂದೊಂದಾಗಿ ಚಿವುಟತೊಡಗಿದರು. ಎಳೆಯಲಿಲ್ಲ, ಹರಿಯಲಿಲ್ಲ, ತೊಟ್ಟಿನ ಬುಡಕ್ಕೆ ಉಗುರು ಕೊಟ್ಟು ಒಂದೇ ತಿರುವು. ಥೇಟ್ ಅವರ ಕೈಯೇ.

'ಅವ್ವಾ... ನಿಮಗೆ ಗೊತ್ತಿತ್ತಾ?'

'ಗೊತ್ತಿಲ್ದೆ ಏನು? ಅವರು ಮಗ್ಗುಲಿಂದ ಎದ್ಮೇಲೆ ನಂಗೆಲ್ಲಿ ನಿದ್ದೆ? ಏಳು ವರ್ಷ ಕಿಟಕ್ಯಾಗೆ ನಿಂತು ನೋಡೀನಿ. ಎರಡು ವರ್ಷದ ಹಿಂದೆ ಕೆಮ್ಮು ಅಂತ ಹದಿನೈದು ದಿನ ಆಸ್ಪತ್ರೆ ಸೇರಿದ್ರಲ್ಲ, ಆವಾಗ ಚಿವುಟಿದ್ದು ಯಾರು ಅಂತ ಮಾಡೀರಿ? ವಾಪಸ್ ಬಂದು ನೋಡ್ತಾರೆ, ಒಂದು ಮೊಗ್ಗಿಲ್ಲ. ನನ್ ಮಾನ ಉಳಿಸಿದೆ ತಾಯಿ ಅಂತ ಗಿಡಕ್ಕೆ ಅಡ್ಡಬಿದ್ರು. ನಾನು ಒಳಗೆ ಸೆರಗು ಬಾಯಿಗಿಟ್ಕಂಡು ನಕ್ಕಿದ್ದೇ ನಕ್ಕಿದ್ದು.'

ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳದೆ ಕೊನೆಯ ಗೊಂಚಲನ್ನೂ ಚಿವುಟಿ, ಕೆಳಗಿಳಿದು, ಮಡಿಲಲ್ಲಿದ್ದ ಹೂವನ್ನೆಲ್ಲ ನನ್ನ ವ್ಯಾನಿಟಿ ಬ್ಯಾಗಿಗೆ ಸುರಿದರು. 'ಜಿಪ್ಪು ಎಳೀರಿ, ಜಲ್ದಿ ಎಳೀರಿ' ಎಂದು ಸ್ಟೂಲನ್ನು ಒಳಗಿಟ್ಟು ಬಂದು ಮತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು.

ಮಗ ಎಲೆ ಅಡಿಕೆ ಹಿಡಿದು ಬಂದ. ತಾಯಿಗೆ ಕೊಟ್ಟು ಮರದ ಕಡೆ ನೋಡಿದ. ಮತ್ತೊಂದು ಸಲ ನೋಡಿದ. ಮರವನ್ನು ಒಂದು ಸುತ್ತು ಬಂದ.

'ಅವ್ವ, ಹೂ ಎಲ್ಲಿ?'

'ಯಾವ ಹೂವು?'

'ಈಗ ಇತ್ತಲ್ಲವ್ವ!'

'ಎಲ್ಲಿತ್ತು? ಬಿಸಿಲಾಗೆ ತಿರುಗಿ ನಿಂಗೆ ಕಣ್ಣು ಮಂಜಾಗೈತೆ. ಇನ್ನೂ ಬಿಟ್ಟಿಲ್ಲ ಕಣಪ್ಪ. ಮುಂದಿನ ವರ್ಷ ನೋಡಾಣ.'

ಅವನು ನನ್ನ ಕಡೆ ತಿರುಗಿದ. ನಾನು ಘಮಘಮಿಸುತ್ತಿದ್ದ ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡು ಕೈಯಲ್ಲಿ ಒತ್ತಿ ಹಿಡಿದು, ರಸ್ತೆಯ ಕಡೆ ನೋಡುತ್ತ ಕೂತೆ. ಅವನು ತಾಯಿಯ ಬೆರಳುಗಳನ್ನು ನೋಡಿದ. ಹತ್ತು ಬೆರಳಿಗೂ ಬಿಳಿಯ ಹಾಲು ಅಂಟಿಕೊಂಡಿತ್ತು.

'ಕೈ ತೊಳ್ಕಳವ್ವ, ಹಾಲು ಕಣ್ಣಿಗೆ ತಾಗೀತು' ಎಂದು ಹೇಳಿ, ಆಟೋದಿಂದ ಹಾಸಿಗೆ ಇಳಿಸಲು ಹೋದ.